ಅಣು, ಲವ, ವೀಸ: ಇಲ್ಲವೆನ್ನುವಷ್ಟು ಚಿಕ್ಕದಕ್ಕೆ ಇಟ್ಟ ಹೆಸರುಗಳು

ಬಳ್ಳಿಗಾವಿಯ ಕಲ್ಲಿನಲ್ಲಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರ ನಾಡಿನ ರಾಜಧಾನಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕೋಡಿಯ ಮಠವೆಂಬ ವಿದ್ಯಾಸ್ಥಾನವಿತ್ತು. ಕಾಳಾಮುಖ ಶೈವರು ನಡೆಸುತ್ತಿದ್ದ ಈ ಮಠವನ್ನು ಕಲಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಮನಸಾರೆ ಕೊಂಡಾಡುತ್ತದೆ. ವೇದಾಧ್ಯಯನ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ಪುರಾಣ, ಕಾವ್ಯ, ನಾಟಕ ಎಲ್ಲವೂ ಅಲ್ಲಿ ಇದ್ದವು. ಹಸಿದು ಬಂದವರಿಗೆ ಅನ್ನ, ಕಾಯಿಲೆಯವರಿಗೆ ಔಷಧ ಸಿಗುತ್ತಿತ್ತು. ಆ ಪಟ್ಟಿಯ ನಡುವೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ವ್ಯಾಖ್ಯಾನದ ಮಾತೂ ಬರುತ್ತದೆ.

ಓದುವವರು ಸಾಮಾನ್ಯವಾಗಿ ಬೌದ್ಧ ಎಂಬಲ್ಲಿ ನಿಲ್ಲುತ್ತಾರೆ. ಶೈವಮಠದಲ್ಲಿ ಬೌದ್ಧ ದರ್ಶನದ ಪಾಠ ನಡೆಯುತ್ತಿತ್ತೆಂಬುದು ನಿಲ್ಲಬೇಕಾದ ಸಂಗತಿಯೇ. ಈ ಲೇಖನಕ್ಕೆ ಬೇಕಾದದ್ದು ಅದರ ಪಕ್ಕದ ವೈಶೇಷಿಕ. ಜಗತ್ತಿನ ಅತಿ ಚಿಕ್ಕ ವಸ್ತು ಯಾವುದು, ಒಡೆಯುತ್ತ ಹೋದರೆ ಕೊನೆಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ತನ್ನ ಬುನಾದಿಯಲ್ಲೇ ಇಟ್ಟುಕೊಂಡ ದರ್ಶನ ಅದು. ಅಣು, ಪರಮಾಣು ಎಂದು ನಾವು ದಿನವೂ ಪತ್ರಿಕೆಯಲ್ಲಿ ಓದುವ ಮಾತುಗಳು ಇಂಥ ಮಠಗಳ ವಾದದಲ್ಲಿ ಹದಗೊಂಡು ಕನ್ನಡಕ್ಕೆ ಬಂದವು.

ಅಣು: ಮೊದಲು ಒಂದು ಧಾನ್ಯ

ಅಣು ಎಂದರೆ ಸಂಸ್ಕೃತದಲ್ಲಿ ಸೂಕ್ಷ್ಮ, ನವಿರು, ಬಹಳ ಚಿಕ್ಕದು. ಅದೇ ಮಾತು ಒಂದು ಧಾನ್ಯದ ಹೆಸರೂ ಆಗಿತ್ತು. ಬೃಹದಾರಣ್ಯಕೋಪನಿಷತ್ತು ಬೆಳೆಯುವ ಹತ್ತು ಧಾನ್ಯಗಳನ್ನು ಎಣಿಸುವಾಗ ಅಕ್ಕಿ, ಜವೆ, ಎಳ್ಳು, ಉದ್ದುಗಳ ಜೊತೆಗೆ ಅಣುವನ್ನೂ ಸೇರಿಸುತ್ತದೆ. ನಿಘಂಟುಗಳು ಇದನ್ನು ನಮ್ಮ ಬರಗು ಎಂದು ಗುರುತಿಸುತ್ತವೆ. ವಿಶ್ವದ ಕಟ್ಟಕಡೆಯ ಚೂರಿಗೆ ಹೆಸರಾದ ಮಾತು ಹೊಲದ ಕಿರುಧಾನ್ಯಕ್ಕೂ ಸಲ್ಲುತ್ತಿತ್ತು ಎಂಬುದು ನನಗೆ ಬಹಳ ಇಷ್ಟವಾದ ವಿಚಾರ. ವೈಶೇಷಿಕ ಸೂತ್ರಗಳ ಕರ್ತೃವಿನ ಹೆಸರು ಕಣಾದ, ಅಂದರೆ ಕಾಳು ತಿನ್ನುವವನು. ಕಣ ಎಂದರೆ ಕಾಳು, ನುಚ್ಚು. ಒಕ್ಕಲು ಮಾಡುವ ಕನ್ನಡದ ಕಣ ಇದಲ್ಲ. ಅದು ಕಳ ಎಂಬ ದ್ರಾವಿಡ ಮೂಲದಿಂದ ಬಂದ ಬೇರೆಯೇ ಮಾತು. ಎರಡೂ ಕಣಗಳಲ್ಲಿ ಕಾಳು ಇರುವುದು ಆಕಸ್ಮಿಕ.

ಅಣುವಿಗೆ ಪರಮ ಸೇರಿದರೆ ಪರಮಾಣು, ಚಿಕ್ಕದರಲ್ಲೆಲ್ಲ ಚಿಕ್ಕದು. ಅಣುರೇಣುತೃಣಕಾಷ್ಠ ಎಂಬ ಜೋಡುಮಾತು ಕನ್ನಡದಲ್ಲಿ ಎಷ್ಟು ಬೇರೂರಿದೆಯೆಂದರೆ ಅದರ ನಾಲ್ಕು ತುಂಡುಗಳನ್ನು ಬಿಡಿಸಿ ನೋಡುವವರೇ ಕಡಿಮೆ. ಕಣ್ಣಿಗೆ ಕಾಣದ ಅಣು, ಬಿಸಿಲಲ್ಲಿ ಕಾಣುವ ಧೂಳು, ಕಾಲಡಿಯ ಹುಲ್ಲು, ಕೈಗೆ ಸಿಗುವ ಕಟ್ಟಿಗೆ: ಚಿಕ್ಕದರಿಂದ ದೊಡ್ಡದಕ್ಕೆ ನಾಲ್ಕು ಮೆಟ್ಟಿಲು.

ಮೇರುವೂ ಸಾಸಿವೆಯೂ

ವೈಶೇಷಿಕರ ವಾದ ಹೀಗಿದೆ. ಮಡಕೆಯನ್ನು ಒಡೆದರೆ ಹೆಂಚು, ಹೆಂಚನ್ನು ಪುಡಿ ಮಾಡಿದರೆ ಮಣ್ಣು, ಮಣ್ಣನ್ನು ಅರೆದರೆ ಧೂಳು. ಎಲ್ಲೋ ಒಂದು ಕಡೆ ಇದು ನಿಲ್ಲಬೇಕು. ನಿಲ್ಲದಿದ್ದರೆ ಮೇರು ಪರ್ವತದಲ್ಲೂ ಅನಂತ ಭಾಗ, ಸಾಸಿವೆ ಕಾಳಿನಲ್ಲೂ ಅನಂತ ಭಾಗ. ಆಗ ಎರಡೂ ಒಂದೇ ಗಾತ್ರವೆಂದು ಒಪ್ಪಬೇಕಾಗುತ್ತದೆ. ಅದು ಸಾಧ್ಯವಿಲ್ಲ. ಆದ್ದರಿಂದ ಇನ್ನು ಒಡೆಯಲಾಗದ, ನಿತ್ಯವಾದ, ಭಾಗಗಳಿಲ್ಲದ ಪರಮಾಣು ಇದೆ.

ಎರಡು ಪರಮಾಣು ಕೂಡಿದರೆ ದ್ವ್ಯಣುಕ, ಮೂರು ದ್ವ್ಯಣುಕ ಕೂಡಿದರೆ ತ್ರ್ಯಣುಕ. ಕಣ್ಣಿಗೆ ಕಾಣಲು ತೊಡಗುವುದು ಈ ಮೂರನೆಯ ಹಂತದಲ್ಲಿ. ಅದಕ್ಕೆ ಇನ್ನೊಂದು ಹೆಸರು ತ್ರಸರೇಣು: ಕಿಟಕಿಯಿಂದ ಬಂದ ಬಿಸಿಲ ಕೋಲಿನಲ್ಲಿ ತೇಲುವ ಧೂಳು. ಹಾಗಾದರೆ ಕಾಣುವ ಅತಿ ಚಿಕ್ಕ ವಸ್ತುವಿನಲ್ಲೂ ಆರು ಪರಮಾಣುಗಳಿವೆ. ಪರಮಾಣುವಿನ ಗಾತ್ರದ ವಿಷಯದಲ್ಲಿ ಈ ಲೆಕ್ಕ ಇಂದಿನ ವಿಜ್ಞಾನಕ್ಕೆ ಹತ್ತಿರದಲ್ಲೂ ಇಲ್ಲ. ಆದರೆ ಕಾಣುವುದರಿಂದ ಕಾಣದ್ದಕ್ಕೆ ತರ್ಕದ ಮೂಲಕ ಇಳಿಯುವ ಧೈರ್ಯ ಅದರಲ್ಲಿದೆ.

ಬೌದ್ಧರು ಇದನ್ನು ಒಪ್ಪಲಿಲ್ಲ. ವಸುಬಂಧು ತನ್ನ ವಿಂಶತಿಕಾದಲ್ಲಿ ಕೇಳಿದ ಪ್ರಶ್ನೆ ಇಂದಿಗೂ ಚುರುಕಾಗಿದೆ. ಒಂದು ಪರಮಾಣುವಿಗೆ ನಾಲ್ಕು ದಿಕ್ಕು, ಮೇಲೆ, ಕೆಳಗೆ ಹೀಗೆ ಆರು ಕಡೆಯಿಂದ ಆರು ಪರಮಾಣು ತಾಗಿದರೆ ಅದಕ್ಕೆ ಆರು ಮುಖಗಳಿವೆ ಎಂದಾಯಿತು, ಮುಖಗಳಿದ್ದರೆ ಭಾಗಗಳಿವೆ. ಆರೂ ಒಂದೇ ಜಾಗದಲ್ಲಿ ಕೂರುತ್ತವೆ ಎನ್ನುವುದಾದರೆ, ಎಷ್ಟು ಸೇರಿಸಿದರೂ ರಾಶಿಯ ಗಾತ್ರ ಒಂದು ಪರಮಾಣುವಿನಷ್ಟೇ. ಗಾತ್ರವಿಲ್ಲದ ಚೂರುಗಳನ್ನು ಕೂಡಿಸಿ ಗಾತ್ರ ಹೇಗೆ ಬರುತ್ತದೆ? ಬಳ್ಳಿಗಾವಿಯಲ್ಲಿ 11ನೆಯ ಶತಮಾನದಲ್ಲೇ ಬೌದ್ಧ ವಿಹಾರವಿತ್ತು, ತಾರಾ ಭಗವತಿಯ ವಿಗ್ರಹವಿತ್ತು. ಶೈವ ಮಠಗಳ ಜೊತೆಗೆ ಬೌದ್ಧ ವಿಹಾರವನ್ನೂ ಜೈನ ಬಸದಿಗಳನ್ನೂ ಇಟ್ಟುಕೊಂಡ ಪಟ್ಟಣದಲ್ಲಿ ಈ ಪ್ರಶ್ನೆಗೂ ಉತ್ತರಕ್ಕೂ ಕೇಳುಗರಿದ್ದರೆಂದು ನಂಬಲು ಕಷ್ಟವಿಲ್ಲ.

ಸೊರಬದ ಬಸದಿಗಳು, ಮಹಾವೀರಾಚಾರ್ಯನ ಲೆಕ್ಕ

ಮೂರನೆಯ ಪಕ್ಷ ಜೈನರದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ, ಸೊರಬ ತಾಲ್ಲೂಕಿನ ಕುಬಟೂರು ಮತ್ತು ಉದ್ರಿ, ಇವು ಮೂರೂ ಜೈನರ ಹಳೆಯ ನೆಲೆಗಳು. ಕುಬಟೂರು ಶಾಸನಗಳಲ್ಲಿ ಕುಪ್ಪಟೂರು, ಉದ್ರಿ ಶಾಸನಗಳಲ್ಲಿ ಉದ್ಧರೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 11ನೆಯ ಶತಮಾನದ ಉತ್ತರಾರ್ಧದಲ್ಲಿ ಕುಪ್ಪಟೂರಿನ ಪಾರ್ಶ್ವನಾಥ ಚೈತ್ಯಾಲಯಕ್ಕೆ ಆಸರೆಯಾದಳು.

ಜೈನರ ಪರಮಾಣು ಪುದ್ಗಲದ, ಅಂದರೆ ಜಡವಸ್ತುವಿನ, ಕೊನೆಯ ತುಣುಕು. ಅದಕ್ಕೆ ಒಂದು ಬಣ್ಣ, ಒಂದು ವಾಸನೆ, ಒಂದು ರುಚಿ, ಎರಡು ಬಗೆಯ ಸ್ಪರ್ಶ ಇರುತ್ತವೆ. ಪರಮಾಣುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅವುಗಳ ಜಿಡ್ಡು ಮತ್ತು ಒರಟುತನದಿಂದ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ.

ಗಣಿತದ ದೃಷ್ಟಿಯಿಂದ ಇವರಲ್ಲಿ ಎಲ್ಲರಿಗಿಂತ ಮುಖ್ಯನಾದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಆತ ಬರೆದ ಗಣಿತಸಾರಸಂಗ್ರಹ ಅಳತೆಗಳ ಪರಿಭಾಷೆಯಿಂದಲೇ ಶುರುವಾಗುತ್ತದೆ. ನೀರು, ಬೆಂಕಿ ಮೊದಲಾದವುಗಳಿಂದ ನಾಶವಾಗದ್ದು ಪರಮಾಣು. ಅಂಥ ಅನಂತ ಪರಮಾಣುಗಳು ಸೇರಿದರೆ ಒಂದು ಅಣು. ಅಲ್ಲಿಂದ ಮುಂದೆ ತ್ರಸರೇಣು, ರಥ ಹೋದಾಗ ಏಳುವ ರಥರೇಣು, ಕೂದಲ ದಪ್ಪ, ಹೇನಿನ ಅಳತೆ, ಎಳ್ಳು ಅಥವಾ ಸಾಸಿವೆ, ಜವೆ, ಕೊನೆಗೆ ಅಂಗುಲ. ಪ್ರತಿಯೊಂದೂ ಹಿಂದಿನದರ ಎಂಟರಷ್ಟು.

ಇದರಲ್ಲಿ ಎರಡು ಬೇರೆ ಬೇರೆ ಜಾತಿಯ ಹೆಜ್ಜೆಗಳಿವೆ. ಅಣುವಿನಿಂದ ಅಂಗುಲಕ್ಕೆ ಎಂಟೆಂಟಾಗಿ ಗುಣಿಸುತ್ತ ಹೋಗಬಹುದು; ಅದು ಲೆಕ್ಕದ ದಾರಿ. ಪರಮಾಣುವಿನಿಂದ ಅಣುವಿಗೆ ಹೋಗುವ ಮೊದಲ ಹೆಜ್ಜೆಗೆ ಮಾತ್ರ ಲೆಕ್ಕವಿಲ್ಲ, ಅಲ್ಲಿ ಅನಂತವಿದೆ. ಅಂದರೆ ಮಹಾವೀರಾಚಾರ್ಯನ ಪರಮಾಣು, ಅಣುವಿನ ಅನಂತದಲ್ಲೊಂದು ಪಾಲು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಇನ್‌ಫಿನಿಟೆಸಿಮಲ್ ಎಂಬ ಯುರೋಪಿನ ಪದದ ಹುಟ್ಟು ತಿಳಿಯುವಾಗ ಇದು ಬೇಕಾಗುತ್ತದೆ.

ಲವ, ಲೇಶ, ಕಿಂಚಿತ್ತು

ಲವಲೇಶವೂ ಇಲ್ಲ ಎಂದು ನಾವು ಹೇಳುವುದು ಏನೂ ಇಲ್ಲ ಎಂಬ ಅರ್ಥದಲ್ಲಿ. ಲವ ಎಂಬುದು ಕೊಯ್ಯುವ, ಕತ್ತರಿಸುವ ಧಾತುವಿನಿಂದ ಬಂದ ಮಾತು. ಕತ್ತರಿಸಿ ತೆಗೆದ ತುಂಡು ಎಂದು ಅದರ ಮೂಲಾರ್ಥ. ಕುಡುಗೋಲಿಗೆ ಸಂಸ್ಕೃತದಲ್ಲಿ ಲವಿತ್ರ ಎನ್ನುವುದೂ ಇದೇ ಧಾತುವಿನಿಂದ. ಕಿಂಚಿತ್ ಎಂದರೆ ಏನೋ ಒಂದಿಷ್ಟು.

ಲವ ಕಾಲದ ಅಳತೆಯೂ ಹೌದು. ಮಹಾವೀರಾಚಾರ್ಯನ ಪ್ರಕಾರ 7 ಉಸಿರಿಗೆ ಒಂದು ಸ್ತೋಕ, 7 ಸ್ತೋಕಕ್ಕೆ ಒಂದು ಲವ, ಮೂವತ್ತೆಂಟೂವರೆ ಲವಕ್ಕೆ ಒಂದು ಘಟಿ. ಘಟಿ ಎಂದರೆ 24 ನಿಮಿಷ. ಭಾಗಿಸಿದರೆ ಒಂದು ಲವಕ್ಕೆ ಸುಮಾರು 37 ಸೆಕೆಂಡು ಬರುತ್ತದೆ. ಭಾಗವತದ ಮೂರನೆಯ ಸ್ಕಂಧದ ಲೆಕ್ಕದಲ್ಲಾದರೋ 3 ಲವ ಸೇರಿದರೆ ಒಂದು ನಿಮೇಷ, ಅಂದರೆ ಒಮ್ಮೆ ರೆಪ್ಪೆ ಬಡಿಯುವಷ್ಟು ಹೊತ್ತು. ಒಂದೇ ಹೆಸರು, ಒಂದು ಕಡೆ ಅರ್ಧ ನಿಮಿಷಕ್ಕೂ ಹೆಚ್ಚು, ಇನ್ನೊಂದು ಕಡೆ ರೆಪ್ಪೆ ಬಡಿತದ ಮೂರರಲ್ಲೊಂದು ಪಾಲು. ಭಾಗವತದ ಪಟ್ಟಿಯಲ್ಲಿ ಪರಮಾಣು, ಅಣು, ತ್ರಸರೇಣುಗಳೂ ಕಾಲದ ಅಳತೆಗಳೇ. ಸೂಕ್ಷ್ಮವನ್ನು ಹೇಳುವ ಪದಗಳು ಜಾಗ, ಕಾಲ, ತೂಕ ಎಂಬ ಗಡಿ ನೋಡದೆ ಓಡಾಡಿಕೊಂಡಿದ್ದವು.

ಹಾಗ, ವೀಸ ಮತ್ತು ಪಹಣಿಯ ಆಣೆ

ಮಠದ ಒಳಗೆ ಪರಮಾಣುವಿನ ವಾದ ನಡೆಯುವಾಗ ಹೊರಗೆ ಸಂತೆಯಲ್ಲಿ ಸುಂಕದವನು ಇನ್ನೊಂದು ಬಗೆಯ ಚಿಕ್ಕದನ್ನು ಲೆಕ್ಕ ಹಾಕುತ್ತಿದ್ದ. ಆ ಕಾಲದ ಶಾಸನಗಳಲ್ಲಿ ದೇವರ ದೀಪಕ್ಕೆ, ನೈವೇದ್ಯಕ್ಕೆ ಎಂದು ಬಿಟ್ಟ ಆದಾಯ ಬಹಳ ಸಲ ತೀರಾ ಸಣ್ಣ ಮೊತ್ತದ್ದು: ಒಂದು ಹೇರಿಗೆ ಇಂತಿಷ್ಟು ವೀಸ, ಒಂದು ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ. ಹಾಗ ಎಂದರೆ ಹಣದ ನಾಲ್ಕರಲ್ಲೊಂದು, ವೀಸ ಎಂದರೆ ಹದಿನಾರರಲ್ಲೊಂದು. ತೆಲುಗಿನ ವೀಸಮು, ತಮಿಳಿನ ವೀಸಂ ಕೂಡ ಹದಿನಾರರಲ್ಲೊಂದೇ. ತಮಿಳರು ಇನ್ನೂ ಕೆಳಗಿಳಿದು ಎಂಬತ್ತರಲ್ಲೊಂದಕ್ಕೆ ಕಾಣಿ, ಮುನ್ನೂರಿಪ್ಪತ್ತರಲ್ಲೊಂದಕ್ಕೆ ಮುಂದಿರಿ ಎಂದು ಹೆಸರಿಟ್ಟಿದ್ದರು.

ಹಾಗದ ಕೋತಿ ಮುಪ್ಪಾಗದ ಬೆಲ್ಲ ತಿಂತು ಎಂಬ ಗಾದೆಯಲ್ಲಿ ಈ ಭಿನ್ನರಾಶಿ ಹಾಗೆಯೇ ಕೂತಿದೆ. ಮುಪ್ಪಾಗ ಎಂದರೆ ಮೂರು ಹಾಗ, ಮುಕ್ಕಾಲು ಹಣ. ಕಾಲು ಹಣದ ಕೋತಿಯನ್ನು ಸಾಕಲು ಅದರ ಮೂರರಷ್ಟು ಖರ್ಚು. ಗಾದೆ ಬಳಸುವವರಿಗೆ ಹಾಗ ಗೊತ್ತಿಲ್ಲದಿದ್ದರೂ ನಷ್ಟ ಗೊತ್ತಾಗುತ್ತದೆ. ಕಾಸುವೀಸ ಕೂಡ ಹೀಗೆಯೇ ಉಳಿಯಿತು. 12ನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದದ್ದು ಇಂಥ ಲೆಕ್ಕಗಳು ಬೇಕಾಗಿದ್ದ ಜನಕ್ಕಾಗಿ.

ಹದಿನಾರರ ಲೆಕ್ಕ ಹಳೆಯದಾಯಿತೆಂದು ಯಾರೂ ತಿಳಿಯಬೇಕಿಲ್ಲ. 1957ರಲ್ಲಿ ದಶಮಾಂಶ ನಾಣ್ಯ ಬಂದು ರೂಪಾಯಿಯ ಹದಿನಾರು ಆಣೆ ಹೋಯಿತು, ಹದಿನಾರಾಣೆ ಸತ್ಯ ಮಾತ್ರ ಉಳಿಯಿತು. ಆದರೆ ಸೊರಬದಲ್ಲೋ ಶಿಕಾರಿಪುರದಲ್ಲೋ ಇವತ್ತು ಪಹಣಿ ತೆಗೆಸಿದರೆ ಜಮೀನಿನ ವಿಸ್ತೀರ್ಣ ಎಕರೆ, ಗುಂಟೆ, ಆಣೆ ಎಂದೇ ಇರುತ್ತದೆ. 40 ಗುಂಟೆಗೆ ಎಕರೆ, 16 ಆಣೆಗೆ ಗುಂಟೆ. ಒಂದು ಗುಂಟೆ 1,089 ಚದರ ಅಡಿ. ಹಾಗಾಗಿ ಒಂದು ಆಣೆ ಸುಮಾರು 68 ಚದರ ಅಡಿ. ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರ ನಡುವೆ ಈ 68 ಅಡಿ ಅತ್ಯಲ್ಪವೇನೂ ಅಲ್ಲ.

ಕಾಳಿನಿಂದ ಅಳೆದದ್ದು

ಎಳ್ಳಷ್ಟು, ಸಾಸಿವೆಯಷ್ಟು, ಕೂದಲೆಳೆಯಷ್ಟು, ಉಗುರುಕೊನೆಯಷ್ಟು, ರವಷ್ಟು, ಚಿಟಿಕೆ, ತೊಟ್ಟು. ಕನ್ನಡದ ಮನೆಮಾತು ಚಿಕ್ಕದನ್ನು ಹೇಳಲು ಕೈಗೆ ಸಿಗುವ ವಸ್ತುವನ್ನೇ ಹಿಡಿಯುತ್ತದೆ. ಇವೆಲ್ಲ ಬರೀ ಉಪಮೆ ಎಂದು ತೋರಬಹುದು, ಆದರೆ ಇವುಗಳಲ್ಲಿ ಕೆಲವು ನಿಜವಾದ ತೂಕಗಳು. 1,000 ಎಳ್ಳುಕಾಳು ಸುಮಾರು 3 ಗ್ರಾಂ ತೂಗುತ್ತವೆ, ಎಂದರೆ ಒಂದು ಕಾಳು ಸುಮಾರು 3 ಮಿಲಿಗ್ರಾಂ.

ಅಕ್ಕಸಾಲಿಗರ ಗುಲಗಂಜಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಬೇಲಿಗೆ ಹಬ್ಬುವ ಬಳ್ಳಿಯ ಕೆಂಪು ಬೀಜ, ಮೂತಿಯಲ್ಲಿ ಕಪ್ಪು, ಸುಮಾರು 0.12 ಗ್ರಾಂ. 96 ಗುಲಗಂಜಿಗೆ ಒಂದು ತೊಲ. ಮನುಸ್ಮೃತಿಯ ಎಂಟನೆಯ ಅಧ್ಯಾಯ ಚಿನ್ನ, ಬೆಳ್ಳಿಯ ತೂಕಗಳನ್ನು ಕಟ್ಟುವುದು ಬಿಸಿಲ ಕೋಲಿನ ಅದೇ ತ್ರಸರೇಣುವಿನಿಂದ. 8 ತ್ರಸರೇಣುವಿಗೆ ಒಂದು ಲಿಕ್ಷೆ, 3 ಲಿಕ್ಷೆಗೆ ಒಂದು ಕರಿಸಾಸಿವೆ, 3 ಕರಿಸಾಸಿವೆಗೆ ಒಂದು ಬಿಳಿಸಾಸಿವೆ, 6 ಬಿಳಿಸಾಸಿವೆಗೆ ಒಂದು ಜವೆ, 3 ಜವೆಗೆ ಒಂದು ಕೃಷ್ಣಲ. ಕೃಷ್ಣಲವೇ ಗುಲಗಂಜಿ. ಗುಣಿಸಿದರೆ ಒಂದು ಗುಲಗಂಜಿಗೆ 1,296 ತ್ರಸರೇಣು. ಧೂಳಿನ ಕಣವನ್ನು ಯಾವ ತಕ್ಕಡಿಯಲ್ಲೂ ಹಾಕಿರಲಾರರು. ಆದರೆ ತಾರ್ಕಿಕನು ಕಾಣುವುದರ ಆರಂಭವೆಂದು ಹಿಡಿದ ವಸ್ತುವನ್ನೇ ತೂಕ ಕಟ್ಟುವವನೂ ತನ್ನ ಮೊದಲ ಮೆಟ್ಟಿಲೆಂದು ಒಪ್ಪಿಕೊಂಡಿದ್ದಾನೆ.

ಹೀಗೆ ನೋಡಿದರೆ ಅತ್ಯಲ್ಪ ಎಂಬುದು ಇಂತಿಷ್ಟೇ ಎಂಬ ಗಾತ್ರವಲ್ಲ, ಒಡೆಯುವುದನ್ನು ಯಾರು ಎಲ್ಲಿ ನಿಲ್ಲಿಸುತ್ತಾರೆ ಎಂಬುದರ ಗುರುತು. ಸುಂಕದವನು ವೀಸದಲ್ಲಿ ನಿಂತ, ಅಕ್ಕಸಾಲಿಗ ಗುಲಗಂಜಿಯ ಆಸುಪಾಸಿನಲ್ಲಿ, ವೈಶೇಷಿಕ ಪರಮಾಣುವಿನಲ್ಲಿ. ಗಣಿತಕ್ಕೆ ಮಾತ್ರ ನಿಲ್ಲುವ ಜಾಗವೇ ಬೇಡವಾಯಿತು.

ಅನಂತದಲ್ಲೊಂದು

ಇನ್‌ಫಿನಿಟೆಸಿಮಲ್ ಎಂಬ ಪದ 17ನೆಯ ಶತಮಾನದ ಲ್ಯಾಟಿನ್‌ನಲ್ಲಿ ಹುಟ್ಟಿತು. ಲ್ಯಾಟಿನ್‌ನಲ್ಲಿ ನೂರನೆಯದಕ್ಕೆ ಸೆಂಟೆಸಿಮಸ್; ಅದೇ ಅಚ್ಚಿನಲ್ಲಿ ಇನ್‌ಫಿನಿಟೆಸಿಮಸ್ ಎಂದರೆ ಅನಂತನೆಯದು. ನೂರರಲ್ಲೊಂದು, ಸಾವಿರದಲ್ಲೊಂದು ಎನ್ನುವಂತೆ ಅನಂತದಲ್ಲೊಂದು. ಅನಂತದ ಚಿಹ್ನೆಯನ್ನು 1655ರಲ್ಲಿ ಬಳಕೆಗೆ ತಂದ ಜಾನ್ ವಾಲಿಸ್ ಒಂದನ್ನು ಅನಂತದಿಂದ ಭಾಗಿಸಿದ ಮೊತ್ತವನ್ನೂ ಲೆಕ್ಕದಲ್ಲಿ ಬಳಸಿದ. ಲೈಬ್ನಿಟ್ಸ್ ಅದರ ಮೇಲೆ ಕಲನಶಾಸ್ತ್ರವನ್ನು ಕಟ್ಟಿದ.

ಕೆಲಸ ಹೇಗೆ ನಡೆಯುತ್ತದೆಂದು ಸೊರಬದ ಅಡಿಕೆ ತೋಟದಲ್ಲೇ ನೋಡಬಹುದು. ಮರದ ಮೇಲಿಂದ ಜಾರಿದ ಗೊನೆ, ಬೀಳಲು ತೊಡಗಿ ಎಷ್ಟು ಸೆಕೆಂಡಾಯಿತೋ ಅದರ ವರ್ಗವನ್ನು ಸುಮಾರು 5ರಿಂದ ಗುಣಿಸಿದಷ್ಟು ಮೀಟರು ಕೆಳಗೆ ಬಂದಿರುತ್ತದೆ. ಸರಿಯಾಗಿ 1 ಸೆಕೆಂಡಾದಾಗ ಅದರ ವೇಗ ಎಷ್ಟು? ಆ ಕ್ಷಣದ ನಂತರ ಒಂದು ಕಿರಿದಾದ ಅವಧಿ ತೆಗೆದುಕೊಂಡು, ಅದರಲ್ಲಿ ಗೊನೆ ಬಿದ್ದ ದೂರವನ್ನು ಆ ಅವಧಿಯಿಂದಲೇ ಭಾಗಿಸಿದರೆ 10ಕ್ಕೆ ಅವಧಿಯ ಐದರಷ್ಟು ಸೇರಿದ ಉತ್ತರ ಬರುತ್ತದೆ. ಅವಧಿ ಅತ್ಯಲ್ಪ, ಬಿಟ್ಟುಬಿಡಿ. ವೇಗ ಸೆಕೆಂಡಿಗೆ 10 ಮೀಟರು. ಉತ್ತರ ಸರಿ. ಆದರೆ ಭಾಗಿಸುವಾಗ ಆ ಅವಧಿ ಸೊನ್ನೆಯಾಗಿರಲಿಲ್ಲ, ಸೊನ್ನೆಯಿಂದ ಭಾಗಿಸುವಂತಿಲ್ಲ. ಬಿಟ್ಟುಬಿಡುವಾಗ ಮಾತ್ರ ಸೊನ್ನೆಯೆಂದು ಎಣಿಸಿದೆವು. 1734ರಲ್ಲಿ ಬಿಷಪ್ ಬರ್ಕ್ಲಿ ಹಿಡಿದದ್ದು ಈ ಬಿರುಕನ್ನೇ. ಗಾತ್ರವಿದೆಯೋ ಇಲ್ಲವೋ ಸ್ಪಷ್ಟವಾಗಿ ಹೇಳಿ ಎಂದು ವಸುಬಂಧು ಪರಮಾಣುವಾದಿಗಳನ್ನು ಕೇಳಿದ್ದಕ್ಕೂ ಇದಕ್ಕೂ ಹತ್ತಿರದ ನಂಟಿದೆ.

19ನೆಯ ಶತಮಾನದಲ್ಲಿ ಕೋಶಿ, ವೈಯರ್‌ಸ್ಟ್ರಾಸ್ ಮೊದಲಾದವರು ಮಿತಿ ಎಂಬ ಕಲ್ಪನೆಯನ್ನು ಗಟ್ಟಿಗೊಳಿಸಿ, ಅತ್ಯಲ್ಪ ರಾಶಿಗಳಿಲ್ಲದೆಯೇ ಕಲನಶಾಸ್ತ್ರ ನಡೆಯುವಂತೆ ಮಾಡಿದರು. 1960ರ ದಶಕದಲ್ಲಿ ಅಬ್ರಹಾಂ ರಾಬಿನ್ಸನ್, ಸೊನ್ನೆಗಿಂತ ದೊಡ್ಡದಾದರೂ ಯಾವ ಸಾಮಾನ್ಯ ಧನಸಂಖ್ಯೆಗಿಂತಲೂ ಚಿಕ್ಕದಾದ ಸಂಖ್ಯೆಗಳನ್ನು ತರ್ಕಕ್ಕೆ ಕುಂದಿಲ್ಲದಂತೆ ಕಟ್ಟಬಹುದೆಂದು ತೋರಿಸಿ ಅವನ್ನು ಮತ್ತೆ ಗಣಿತದೊಳಕ್ಕೆ ತಂದ.

ನಮ್ಮ ಕಡೆಯಲ್ಲೂ ಈ ದಾರಿ ತೆರೆದಿತ್ತು. ಎರಡನೆಯ ಭಾಸ್ಕರಾಚಾರ್ಯ 1150ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹದ ತಾತ್ಕಾಲಿಕ ಗತಿಯನ್ನು, ಅಂದರೆ ಆ ಹೊತ್ತಿನದೇ ವೇಗವನ್ನು, ಲೆಕ್ಕ ಹಾಕಿದ. 16ನೆಯ ಶತಮಾನದ ಮಲೆಯಾಳ ಗ್ರಂಥ ಯುಕ್ತಿಭಾಷಾ ವೃತ್ತದ ಪರಿಧಿಯನ್ನು ಕಂಡುಹಿಡಿಯಲು ಗೆರೆಯನ್ನು ಬಹಳ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡುಗಳ ಗಾತ್ರ ಹೇಳಲು ಅದು ಬಳಸುವ ಮಾತು ಅಣು. ಮಹಾವೀರಾಚಾರ್ಯನ ಪರಮಾಣು ಕೂಡ ಮಾತಿನ ಮಟ್ಟಿಗೆ ಅನಂತದಲ್ಲೊಂದೇ, ಲೈಬ್ನಿಟ್ಸನಿಗಿಂತ 800 ವರ್ಷ ಮೊದಲು. ಆದರೂ ಅವನು ಕಲನಶಾಸ್ತ್ರ ಬರೆದನೆಂದು ಹೇಳಿದರೆ ಅವನಿಗೇ ಅನ್ಯಾಯ. ಅವನ ಪರಮಾಣು ಜಗತ್ತಿನಲ್ಲಿರುವ ಒಂದು ವಸ್ತು, ಲೆಕ್ಕದ ಸಾಧನವಲ್ಲ. ಅದನ್ನು ಹೆಸರಿಸಿ, ಅಲ್ಲಿಂದ ಮೇಲಿನದನ್ನೆಲ್ಲ ಅವನು ಎಂಟರ ಮಗ್ಗಿಯಲ್ಲಿ ಅಳೆದ.

ಇಂದಿನ ಕನ್ನಡದಲ್ಲಿ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪರಮಾಣು ಎಂದರೆ ಒಂದು ಧಾತುವಿನ ಅತಿ ಚಿಕ್ಕ ಘಟಕ, ಹಲವು ಪರಮಾಣು ಸೇರಿದ್ದು ಅಣು. ಅನಂತ ಪರಮಾಣು ಸೇರಿ ಒಂದು ಅಣು ಎಂಬ ಹಳೆಯ ಕ್ರಮವೇ ಉಳಿದಿದೆ, ಅನಂತ ಹೋಗಿ ಎರಡೋ ಮೂರೋ ನೂರೋ ಬಂದಿದೆ. ಪತ್ರಿಕೆಗಳು ಈ ಕಟ್ಟು ಪಾಲಿಸುವುದಿಲ್ಲ. ಅಣುಬಾಂಬು, ಅಣುಶಕ್ತಿ, ಕೈಗಾ ಅಣುವಿದ್ಯುತ್ ಸ್ಥಾವರ ಎಂದು ಬರೆಯುವಾಗ ಮಾತು ಪರಮಾಣುವಿನ ಒಳಗಿನ ಬೀಜಕ್ಕೆ ಸಂಬಂಧಿಸಿದ್ದು. ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ತೊಡಕಾಗುತ್ತದೆ, ಶಿಕ್ಷಕರು ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು.

ಹೊಸ ಸೂಕ್ಷ್ಮಪದಗಳು ಈಗ ಅಂತರರಾಷ್ಟ್ರೀಯ ಅಳತೆಯ ಮೂಲಕ ಬರುತ್ತಿವೆ. ನ್ಯಾನೊ ಗ್ರೀಕ್‌ನಲ್ಲಿ ಕುಬ್ಜ. ಅಳತೆಯಲ್ಲಿ ನೂರು ಕೋಟಿಯಲ್ಲೊಂದು. ಫೆಮ್ಟೊ, ಆಟೊಗಳು ಡ್ಯಾನಿಶ್ ಭಾಷೆಯ ಹದಿನೈದು, ಹದಿನೆಂಟರಿಂದ ಬಂದವು. 2022ರಲ್ಲಿ ರೊಂಟೊ, ಕ್ವೆಕ್ಟೊ ಸೇರಿದವು. ಕ್ವೆಕ್ಟೊ ಎಂದರೆ ಒಂದರ ಮುಂದೆ 30 ಸೊನ್ನೆಯಿರುವ ಸಂಖ್ಯೆಯಲ್ಲೊಂದು ಪಾಲು. ಇವುಗಳಲ್ಲಿ ಗದ್ದೆಯವರೆಗೂ ಬಂದದ್ದು ನ್ಯಾನೊ, 2021ರಲ್ಲಿ ಇಫ್ಕೊ ಬಿಡುಗಡೆ ಮಾಡಿದ ಅರ್ಧ ಲೀಟರಿನ ನ್ಯಾನೊ ಯೂರಿಯಾ ಬಾಟಲಿಯ ಮೇಲೆ.

ಕಲನಶಾಸ್ತ್ರದ ಆ ಇನ್‌ಫಿನಿಟೆಸಿಮಲ್ ರಾಶಿಗೆ ಕನ್ನಡದಲ್ಲಿ ಏನೆನ್ನಬೇಕು? ಅತ್ಯಲ್ಪ ಎಂದರೆ ಸಂಬಳಕ್ಕೂ ಮಳೆಗೂ ಹೇಳುವ ಮಾತಾಗುತ್ತದೆ. ಅಣು, ಪರಮಾಣುಗಳನ್ನು ರಸಾಯನಶಾಸ್ತ್ರ ತೆಗೆದುಕೊಂಡಾಗಿದೆ. ಶೂನ್ಯವಂತೂ ಅಲ್ಲವೇ ಅಲ್ಲ. ಬಳ್ಳಿಗಾವಿಯ ಅಲ್ಲಮ ಶೂನ್ಯಕ್ಕೆ ಕೊಟ್ಟ ತೂಕವೇ ಬೇರೆ. ನನ್ನ ಒಲವು ಲವದ ಕಡೆಗೆ. ಎರಡಕ್ಷರದ ಮಾತು, ಲವಲೇಶದ ಮೂಲಕ ಎಲ್ಲರ ಕಿವಿಗೂ ಬಿದ್ದದ್ದು, ಬೇರೆ ಯಾವ ವಿಜ್ಞಾನವೂ ಹಿಡಿದುಕೊಳ್ಳದೆ ಬಿಡುವಾಗಿರುವುದು. ಗೆರೆಯನ್ನೋ ಕಾಲವನ್ನೋ ಕತ್ತರಿಸಿ ತೆಗೆದ ತುಂಡು ಎಂಬ ಅದರ ಮೂಲಾರ್ಥ, ಯುಕ್ತಿಭಾಷಾದ ಲೇಖಕನೂ ಲೈಬ್ನಿಟ್ಸನೂ ಮಾಡಿದ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಕಾಲದ ಲವ, ದೂರದ ಲವ ಎಂದು ಬರೆದರೆ ಪಿಯುಸಿ ಓದುವ ಹುಡುಗಿಗೆ ಅಡಿಕೆ ಗೊನೆಯ ವೇಗ ಕನ್ನಡದಲ್ಲೇ ಬಿಡಿಸಲು ಬರುತ್ತದೆ.